ಅಂತರರಾಜ್ಯ ಹೆವಿ ಲೈಸೆನ್ಸ್ ಮೀಮಾಂಸೆ: ಅಜ್ಜಂಪುರದಲ್ಲಿ ದೊರೆತ ಒಂದು ಹಸ್ತಪ್ರತಿಯ ಹಿನ್ನೆಲೆಯಲ್ಲಿ

ಅಮೃತಾಪುರದ ಅಮೃತೇಶ್ವರ ದೇವಾಲಯ ಕಟ್ಟಿದ್ದು 1196ರಲ್ಲಿ ಎಂದು ನಮ್ಮ ವಿದ್ವಾಂಸರು ತಡವರಿಸದೆ ಹೇಳುತ್ತಾರೆ. ಮೊನ್ನೆ ಮೊನ್ನೆಯವರೆಗೂ ಅದೇ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರದಲ್ಲಿ, ಒಂದು ಮನೆಯ ತಗಡಿನ ಟ್ರಂಕಿನೊಳಗೆ, ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನಲ್ಲಿ ಸುತ್ತಿಟ್ಟ ಗ್ರಂಥವೊಂದಿದೆ. ಅದರ ಕಾಲನಿರ್ಣಯಕ್ಕೆ ಮಾತ್ರ ಯಾರೂ ಕೈಹಾಕಿಲ್ಲ. ಊರಿನ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡಿದ್ದ ಅಜ್ಜಂಪುರ ಸೀತಾರಾಂ, ಅಂದರೆ ಕತೆಗಾರ ‘ಆನಂದ’ರು, ಲೈಸೆನ್ಸಿನ ವಿಷಯಕ್ಕೆ ಬರಲಿಲ್ಲ. ಹಾಗಾಗಿ ಆ ಭಾರ ನನ್ನ ತಲೆಗೆ ಬಿತ್ತು.

ಮೊದಲು ಹಸ್ತಪ್ರತಿ ವಿವರಣೆ. ಗಾತ್ರ ಅಂಗೈಯಷ್ಟು. ರಟ್ಟಿನ ಹೊದಿಕೆ, ನಡುವೆ ತುಕ್ಕು ಹಿಡಿದ ಎರಡು ಪಿನ್ನು. ಮೂಸಿದರೆ ಮೊದಲು ಡೀಸೆಲ್, ಆಮೇಲೆ ಬೀಡಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪರಿಭಾಷೆಯಲ್ಲಿ ಇದು ನಮೂನೆ 6, ಅಂದರೆ ಪುಸ್ತಕರೂಪದ ಲೈಸೆನ್ಸು; ಈಗಿನ ಕಾರ್ಡು ನಮೂನೆ 7. ಮೊದಲ ಪುಟದಲ್ಲಿ ದಟ್ಟ ಮೀಸೆ, ಕಿವಿ ಮುಚ್ಚುವ ಕ್ರಾಪಿನ ಯುವಕನ ಚಿತ್ರವಿದೆ. ಗ್ರಂಥದ ಈಗಿನ ಒಡೆಯರ ತಲೆ ನುಣ್ಣಗಿದೆ. ಇಬ್ಬರೂ ಒಬ್ಬರೇ ಎಂಬುದು ಮನೆತನದ ನಂಬಿಕೆ.

ಸಂಶೋಧನಾ ಶಿಷ್ಟಾಚಾರದಂತೆ ಈ ಒಡೆಯರನ್ನು ‘ಆಕರದಾತರು’ ಎನ್ನೋಣ; ಊರು ಅವರನ್ನು ಡ್ರೈವರಣ್ಣ ಅನ್ನುತ್ತದೆ. ಹರೆಯದಲ್ಲಿ ರೈಲು ಹತ್ತಿ ನೆರೆರಾಜ್ಯದ ಒಂದು ಪಟ್ಟಣಕ್ಕೆ ಹೋದರು, ಕ್ಲೀನರ್ ಆದರು, ಅಲ್ಲೇ ಹೆವಿ ಲೈಸೆನ್ಸ್ ಮಾಡಿಸಿದರು. ಇಪ್ಪತ್ತು ವರ್ಷ ಲೋಡು ಹೊಡೆದು ಊರಿಗೆ ಬಂದು ಈರುಳ್ಳಿ ಹಾಕಿದರು. ಈರುಳ್ಳಿ ಏನು ಮಾಡುತ್ತದೋ ಅದನ್ನೇ ಮಾಡಿತು. ಈಗ ಮತ್ತೆ ಸ್ಟಿಯರಿಂಗ್ ಹಿಡಿಯುವ ಮನಸ್ಸು, ಅದಕ್ಕೆ ಲೈಸೆನ್ಸನ್ನು ‘ಇಲ್ಲಿಗೆ ಟ್ರಾನ್ಸ್‌ಫರ್’ ಮಾಡಿಸಬೇಕು. ಪ್ರಬಂಧ ಹುಟ್ಟಿದ್ದು ಈ ಮಾತಿನಿಂದ.

ಪೂರ್ವಪಕ್ಷ ಹೀಗಿದೆ: ಟ್ರಾನ್ಸ್‌ಫರ್ ಎಂಬ ವಸ್ತುವೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ ಕಲಂ 13ರ ಪ್ರಕಾರ, ಎಲ್ಲೇ ಕೊಟ್ಟ ಲೈಸೆನ್ಸಾದರೂ ಭಾರತದಾದ್ಯಂತ ನಡೆಯುತ್ತದೆ. ಇದು ಶುದ್ಧ ಅದ್ವೈತ. ಶೃಂಗೇರಿ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಹೆಚ್ಚು ವಿವರಿಸಬೇಕಿಲ್ಲ. ಲೈಸೆನ್ಸು ಒಂದೇ, ರಾಜ್ಯಭೇದ ಬರೀ ತೋರಿಕೆ. ಕಲಂ 6 ಇನ್ನೂ ಬಿಗಿ: ಒಬ್ಬನ ಬಳಿ ಏಕಕಾಲಕ್ಕೆ ಎರಡು ಲೈಸೆನ್ಸು ಇರಕೂಡದು. ಅಮೆರಿಕದವರು ಟ್ರಕ್ ಚಾಲಕರಿಗೆ ಈ ಏಕತ್ವವನ್ನು ವಿಧಿಸಿದ್ದು 1986ರ ಕಾನೂನಿನಲ್ಲಿ. ಅಲ್ಲಿ ರಾಜ್ಯ ಬದಲಿಸಿದವನು 30 ದಿನದೊಳಗೆ ಹೊಸ ರಾಜ್ಯದ ಲೈಸೆನ್ಸಿಗೆ ಅರ್ಜಿ ಹಾಕಬೇಕು. ನಮಗೆ ಆ ಕಟ್ಟು ಇಲ್ಲ. ನಮ್ಮದು ವಿಳಾಸ ಬದಲಾವಣೆ ಮತ್ತು ನವೀಕರಣ, ಅಷ್ಟೆ.

‘ಅಷ್ಟೆ’ ಎಂಬ ಅವ್ಯಯದ ಬಗ್ಗೆ ಪ್ರತ್ಯೇಕ ಪಿಎಚ್‌ಡಿ ಮಾಡಬಹುದು.

ಝೆರಾಕ್ಸ್ ಅಂಗಡಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವ ಭಾಷ್ಯಕಾರರು (ಜನ ಅವರನ್ನು ಏಜೆಂಟ್ ಅನ್ನುತ್ತಾರೆ) ಪಕ್ಕಾ ದ್ವೈತಿಗಳು. ಅವರ ಮತದಲ್ಲಿ ಕೊಟ್ಟ ಆಫೀಸು ಬೇರೆ, ಪಡೆಯುವ ಆಫೀಸು ಬೇರೆ, ನಡುವೆ ‘ಎನ್‌ಒಸಿ’ ಎಂಬ ಸೇತುವೆ. ನಾನು ಕಾಯ್ದೆಯನ್ನು ತಿರುವಿ ನೋಡಿದೆ. ಎನ್‌ಒಸಿ ಸಿಕ್ಕಿದ್ದು ಕಲಂ 48ರಲ್ಲಿ, ಅದೂ ಗಾಡಿಗೆ. ಲೈಸೆನ್ಸಿನ ಅಧ್ಯಾಯದಲ್ಲಿ ಆ ಪದ ನನ್ನ ಕಣ್ಣಿಗೆ ಬೀಳಲಿಲ್ಲ. ಅಲ್ಲಿರುವುದು ಕಲಂ 15ರ ಒಂದು ಮೃದುವಾದ ಮಾತು: ನವೀಕರಿಸಿದವರು ಬೇರೆ ಪ್ರಾಧಿಕಾರದವರಾದರೆ, ಮೂಲದಲ್ಲಿ ಕೊಟ್ಟವರಿಗೆ ಆ ಸಂಗತಿ ತಿಳಿಸಬೇಕು. ಮಗಳ ಮದುವೆಯಾದ ಮೇಲೆ ಬೀಗರು ಒಂದು ಕಾಗದ ಹಾಕುತ್ತಾರಲ್ಲ, ಅಂಥದ್ದು. ಇದನ್ನು ಭಾಷ್ಯಕಾರರ ಮುಂದಿಟ್ಟೆ. “ಅದು ಪುಸ್ತಕದಲ್ಲಿ ಸಾರ್,” ಅಂದರು.

ವಿಶಿಷ್ಟಾದ್ವೈತಕ್ಕೂ ಜಾಗವಿದೆ. ಲೈಸೆನ್ಸು ಅಖಿಲ ಭಾರತದ್ದೇ ಇರಲಿ, ಬ್ಯಾಡ್ಜು, ಸಮವಸ್ತ್ರಗಳ ನಿಯಮ ಮಾಡುವ ಅಧಿಕಾರವನ್ನು ಕಲಂ 28 ರಾಜ್ಯಕ್ಕೆ ಕೊಟ್ಟಿದೆ. ಅಂದಮೇಲೆ ಆತ್ಮ ದೇಶದ್ದು, ಎದೆಯ ಮೇಲಿನ ಬಿಲ್ಲೆ ರಾಜ್ಯದ್ದು.

ಈಗ ಯಂತ್ರದ ವಿಚಾರ. ದೇಶದ ಬಹುಪಾಲು ಲೈಸೆನ್ಸುಗಳು ಇಂದು ‘ಸಾರಥಿ’ ಎಂಬ ಒಂದೇ ತಂತ್ರಾಂಶದ ಹೊಟ್ಟೆಯಲ್ಲಿವೆ. ಹೆಸರಿಟ್ಟವರು ಯೋಚಿಸಿಯೇ ಇಟ್ಟಿರಬೇಕು. ಮೂಲ ಸಾರಥಿ ಕೃಷ್ಣನ ದಾಖಲೆ ನೋಡಿ: ಜನ್ಮಸ್ಥಳ ಮಥುರೆ, ಕಾಯಂ ವಿಳಾಸ ದ್ವಾರಕೆ, ಗಾಡಿ ಓಡಿಸಿದ್ದು ಕುರುಕ್ಷೇತ್ರದಲ್ಲಿ. ಇಂದಿನ ಲೆಕ್ಕದಲ್ಲಿ ಉತ್ತರ ಪ್ರದೇಶ, ಗುಜರಾತ್, ಹರಿಯಾಣ. ಮೂರು ರಾಜ್ಯ, ನಾಲ್ಕು ಕುದುರೆಯ ಹೆವಿ ವಾಹನ. ಹದಿನೆಂಟು ದಿನದಲ್ಲಿ ಒಬ್ಬರೂ ಕಾಗದ ಕೇಳಿದಂತಿಲ್ಲ. ಹದಿನೆಂಟು ಅಧ್ಯಾಯ ಉಪದೇಶಕ್ಕೆ ಬಿಡುವಾಗಿದ್ದೂ ಅದಕ್ಕೇ ಇರಬೇಕು.

ಸಾರಥಿಗೆ ಬೇಕಾದ್ದು 15 ಅಕ್ಷರಾಂಕಗಳ ಸಂಖ್ಯೆ: ರಾಜ್ಯಕ್ಕೆ ಎರಡು, ಕಚೇರಿಗೆ ಎರಡು, ಇಸವಿಗೆ ನಾಲ್ಕು, ಕ್ರಮಸಂಖ್ಯೆಗೆ ಏಳು. ನಮ್ಮ ಹಸ್ತಪ್ರತಿಯಲ್ಲಿ ಇರುವುದು ನಾಲ್ಕು ಅಂಕಿ, ಒಂದು ಓರೆಗೆರೆ, ಎರಡು ಅಂಕಿ. ಹಳೆಯ ಪುಸ್ತಕದ ವಿವರವನ್ನು ಗಣಕಕ್ಕೆ ಏರಿಸುವ ಈ ಕ್ರಿಯೆಗೆ ‘ಬ್ಯಾಕ್‌ಲಾಗ್ ಎಂಟ್ರಿ’ ಎಂದು ಹೆಸರು, ಅದನ್ನು ಮಾಡಬೇಕಾದವರು ಮೂಲ ಕಚೇರಿಯವರು. ಅದಾಗದೆ ಉಳಿದವನು ಗಣಕದ ಪರದೆಯ ಮೇಲೆ ಹುಟ್ಟಿಯೇ ಇಲ್ಲ. ಪಾಠಾಂತರದ ತೊಡಕು ಬೇರೆ ಇದೆ. ಮೂರನೆಯ ಅಂಕಿಯ ಮೇಲೆ ಎಂದೋ ಟೀ ಚೆಲ್ಲಿ, ಅದು 3 ಅನ್ನಿಸಿದಷ್ಟೇ 8 ಅನ್ನಿಸುತ್ತದೆ.

“ಎಂಟು ಕಣಪ್ಪ. ನನ್ನ ಲೈಸೆನ್ಸು ನಂಗೆ ಗೊತ್ತಿಲ್ವಾ?” ಎಂದರು ಆಕರದಾತರು.

“ಗೊತ್ತಿದ್ದಿದ್ರೆ ಎರಡು ಸಲ ಯಾಕೆ ಹೋಗಿ ಬರ್ತಿದ್ರಿ?” ಒಳಗಿಂದ ಅತ್ತಿಗೆಯ ಟಿಪ್ಪಣಿ.

ಎರಡು ಸಲ ಹೋಗಿ ಬಂದದ್ದು ನಿಜ. ಒಂದು ಸಲ ರೆಕಾರ್ಡ್ ರೂಮಿನ ಕೀ ಇಟ್ಟುಕೊಂಡವರು ರಜೆಯಲ್ಲಿದ್ದರು. ಇನ್ನೊಂದು ಸಲ ಕೀ ಇತ್ತು, ರಿಜಿಸ್ಟರಿನ ಆ ಹಾಳೆಯನ್ನು ಗೆದ್ದಲು ಓದಿ ಮುಗಿಸಿತ್ತು. ಇಷ್ಟರಲ್ಲಿ ಅವಧಿ ಮುಗಿದು ವರ್ಷದ ಮೇಲಾಯಿತು. 2019ರ ತಿದ್ದುಪಡಿ ಸಾರಿಗೆ ಲೈಸೆನ್ಸಿನ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿದ್ದು ಉಪಕಾರವೇ. ಆದರೆ ತಡವಾದವರು ಹೊಸದಾಗಿ ಪರೀಕ್ಷೆ ಕೊಡಬೇಕಾದ ಗಡುವನ್ನು ಅದೇ ಕೈ 5 ವರ್ಷದಿಂದ 1ಕ್ಕೆ ಇಳಿಸಿತು. ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಲೋಡು ಗಾಡಿ ಇಳಿಸಿದವರು ಇನ್ನು ಇನ್ಸ್‌ಪೆಕ್ಟರ್ ಮುಂದೆ ಕಂಬಗಳ ನಡುವೆ ರಿವರ್ಸ್ ಹಾಕಿ ತೋರಿಸಬೇಕು. ಜೊತೆಗೆ ನಮೂನೆ 1-ಎ, ಡಾಕ್ಟರ ಸರ್ಟಿಫಿಕೇಟು. ಪರೀಕ್ಷೆಗೆ ನನ್ನ ಆಕ್ಷೇಪವಿಲ್ಲ, ಎದುರಿನಿಂದ ಬರುವವರ ಪ್ರಾಣದ ಮಾತು ಅದು. ಗೆದ್ದಲಿಗೂ ಒಂದು ಪರೀಕ್ಷೆ ಇಡಿ ಎಂಬುದಷ್ಟೇ ನನ್ನ ಸಲಹೆ.

ಮನುಷ್ಯ ಕದಲದಿದ್ದರೂ ರಾಜ್ಯ ಕದಲುವುದುಂಟು. 1956ರಲ್ಲಿ ಕಾಸರಗೋಡಿನ ಕನ್ನಡಿಗ ತನ್ನ ಜಗಲಿಯಲ್ಲೇ ಕೂತು ಕೇರಳದವನಾದ. ಅಲ್ಲಿನ ಗಾಡಿಗಳಿಗೆ ಈಗ ಕೆಎಲ್ 14. ನಾರಾಯಣಪೇಟೆಯ ಕನ್ನಡಿಗ ಎಪಿ ಆಗಿದ್ದವನು 2014ರಲ್ಲಿ ಟಿಎಸ್, 2024ರಲ್ಲಿ ಟಿಜಿ. ಅಷ್ಟು ದೂರ ಯಾಕೆ, ಕೆಎ 18ರ ಚಿಕ್ಕಮಗಳೂರಿಗೆ ಸೇರಿದ್ದ ಅಜ್ಜಂಪುರದವರು ಕೂತಲ್ಲೇ ತರೀಕೆರೆಯ ಕೆಎ 66 ಆದೆವು.

ಕೊನೆಯ ಪುರಾವೆ ಊರಿನದೇ. ಅಜ್ಜಂಪುರದ ಅಮೃತಮಹಲ್ ಕಾವಲಿನಲ್ಲಿ ಇಂದಿಗೂ ಆ ತಳಿಯ ದನಗಳಿವೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅವನ ತಂದೆ ಹೈದರ್ ಈ ಎತ್ತುಗಳನ್ನು ಫಿರಂಗಿಗಳಿಗೆ ಕಟ್ಟಿ ಚಿದಂಬರದ ರಕ್ಷಣೆಗೆ ಹೊರಟು ಎರಡೂವರೆ ದಿನದಲ್ಲಿ 100 ಮೈಲಿ ಕ್ರಮಿಸಿದ ಎಂದು ಈ ತಳಿಯ ಚರಿತ್ರೆಯಲ್ಲಿ ಬರೆದಿದೆ. ಈಗಿನ ಗಡಿಯಂತೆ ನೋಡಿದರೆ ಅದು ಹೆವಿ ಗೂಡ್ಸ್, ಅಂತರರಾಜ್ಯ, ಸ್ಫೋಟಕ ಸಾಮಗ್ರಿ ಸಹಿತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಮಾಲೀಕರು ಬದಲಾದಾಗಲೂ ಎತ್ತುಗಳು ಅದೇ ನಡಿಗೆಯಲ್ಲಿ ಇಂಗ್ಲಿಷರ ಫಿರಂಗಿ ಎಳೆದವು, ವಿಳಾಸ ಬದಲಾವಣೆಯ ಅರ್ಜಿ ಇಲ್ಲದೆ. ಈಗ ದನಗಳಿಗೂ ಕಿವಿಯಲ್ಲಿ 12 ಅಂಕಿಯ ಓಲೆ ಬಂದಿದೆ. ಅದರ ಮೇಲೆ ಟೀ ಚೆಲ್ಲುವ ಹಾಗಿಲ್ಲ ಎಂಬುದನ್ನು ಸಾರಿಗೆಯವರು ಗಮನಿಸಲಿ. ಇದನ್ನು ಆಕರದಾತರಿಗೆ ಓದಿ ಹೇಳಿದೆ. ಅವರು ತಮ್ಮ ಕಿವಿ ಮುಟ್ಟಿಕೊಂಡು, “ಚುಚ್ಚಿದ್ರೂ ಪರ್ವಾಗಿಲ್ಲ, ಈ ತಿಂಗಳೇ ಆಗುತ್ತಾ?” ಎಂದರು.

ಪುಸ್ತಕದ ಲೈಸೆನ್ಸು ಇನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿರುವ ಓದುಗರು, ಕೊಟ್ಟ ಊರು ಬಿಟ್ಟು ಬರುವ ಮೊದಲೇ ಅದನ್ನು ಸಾರಥಿಗೆ ಏರಿಸಿಕೊಂಡು ಬನ್ನಿ. ಇನ್ನು ಲಿಪಿತಜ್ಞರಲ್ಲಿ ಒಂದು ವಿನಂತಿ: ಆ ಮೂರನೆಯ ಅಂಕಿ ಮೂರೋ ಎಂಟೋ ಓದಬಲ್ಲವರು ದಯವಿಟ್ಟು ಅಜ್ಜಂಪುರಕ್ಕೆ ಬನ್ನಿ. ಭೂತಗನ್ನಡಿ ನೀವೇ ತನ್ನಿ. ಟೀ ನಮ್ಮದು, ಹಸ್ತಪ್ರತಿಯಿಂದ ದೂರ ಕೂತು ಕುಡಿಯತಕ್ಕದ್ದು.