ಬೆಟ್ಟ ಹತ್ತಿದ ಬೆಂಜು

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಲ್ಲಿ ಬೆಂಜ್, ಬಿಎಂಡಬ್ಲ್ಯು, ಆಡಿ ಪೈಕಿ ಒಂದಕ್ಕೂ ಕಂಪನಿ ವರ್ಕ್‌ಶಾಪ್ ಇಲ್ಲ. ಹತ್ತಿರವೆಂದರೆ ಮೈಸೂರು, ಕೊಳ್ಳೇಗಾಲದಿಂದ ಅರವತ್ತು ಚಿಲ್ಲರೆ ಕಿಲೋಮೀಟರು. ಅಲ್ಲಾಗದ ಕೆಲಸಕ್ಕೆ ಕನಕಪುರದ ದಾರಿಯಲ್ಲಿ ಸುಮಾರು 140 ಕಿ.ಮೀ. ಆಚೆಗಿನ ಬೆಂಗಳೂರು. ಆದರೂ ಕಾರುಗಳು ಇವೆ. ಕರಿಕಲ್ಲಿನ ಕ್ವಾರಿಯವರು, ರೇಷ್ಮೆ ವ್ಯಾಪಾರದವರು, ಬೆಂಗಳೂರಲ್ಲಿ ದುಡಿದು ಹಬ್ಬಕ್ಕೆ ಊರಿಗೆ ಬರುವವರು ಇಟ್ಟುಕೊಂಡಿದ್ದಾರೆ. ಮಲೆ ಮಹದೇಶ್ವರ ಬೆಟ್ಟಕ್ಕೂ ಬಿಳಿಗಿರಿರಂಗನ ಬೆಟ್ಟಕ್ಕೂ ಬರುವ ಭಕ್ತರ ಕಾರುಗಳು ಬೇರೆ. ಇಂಥ ಕಾರಿನ ಬಾಳಿಕೆಯನ್ನು ವರ್ಷಗಳಲ್ಲಿ ಲೆಕ್ಕ ಹಾಕುವುದು ಜರ್ಮನಿಯ ಪದ್ಧತಿ. ಈ ಸೀಮೆಯಲ್ಲಿ ಮೊದಲು ಕೇಳುವುದು, ಮೈಸೂರಿಗೆ ಎಷ್ಟು ದೂರ ಇರುವಾಗ ಕೆಟ್ಟಿತು ಎಂದು.

ಜರ್ಮನ್ ಯಂತ್ರ ಈ ಭಾಗಕ್ಕೆ ಹೊಸದೇನಲ್ಲ. ಟೆಲ್ಕೊ ಕಂಪನಿ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ 1969ರವರೆಗೂ ತಯಾರಿಸಿದ ಲಾರಿಗಳ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರವೇ ಇತ್ತು. ಆಮೇಲೆ ಬಜಾಜ್ ಟೆಂಪೊದವರ ಮೆಟಡಾರ್ ಬಂತು, ಅದರ ಬುಡವೂ ಜರ್ಮನಿಯೇ. ತಾಳಬೆಟ್ಟ ದಾಟಿ ಘಾಟಿ ಹತ್ತುವ ಟೆಂಪೊ ಟ್ರ್ಯಾಕ್ಸಿನೊಳಗೆ ಬಹುಕಾಲ ಗುಡುಗಿದ್ದು ಬೆಂಜ್‌ನಿಂದ ಪರವಾನಗಿ ಪಡೆದ ಓಎಂ 616 ಡೀಸೆಲ್ ಎಂಜಿನ್. ಟೆಂಪೊ ಟ್ರಾವೆಲರ್ ಕೂಡ ಮೂಲದಲ್ಲಿ ಬೆಂಜ್ ಟಿ1 ವ್ಯಾನೇ. ಹಾಗೆ ನೋಡಿದರೆ ಒಂದು ಟ್ರ್ಯಾಕ್ಸಿನಲ್ಲಿ ಹದಿನೈದು ಜನ ತುಂಬಿ, ಟಾಪ್ ಮೇಲೆ ಅಕ್ಕಿಮೂಟೆ ಕಟ್ಟಿಕೊಂಡು ಹೋದವರೆಲ್ಲ ಬೆಂಜಿನಲ್ಲಿ ಹೋದವರೇ. ಯಾರೂ ಅದನ್ನು ಹೇಳಿಕೊಳ್ಳಲಿಲ್ಲ ಅಷ್ಟೆ. ಈ ಎಂಜಿನ್ ಕೆಟ್ಟರೆ ರಸ್ತೆಬದಿಯ ಗ್ಯಾರೇಜಿನಲ್ಲಿ ಇಳಿಸಿ, ಲೇತಿನವನ ಹತ್ತಿರ ಬೋರು ಹೊಡೆಸಿ, ರಿಂಗು ಹಾಕಿ, ವಾರದೊಳಗೆ ಮತ್ತೆ ಬೆಟ್ಟಕ್ಕೆ ಕಳಿಸುತ್ತಿದ್ದರು. ಆದ್ದರಿಂದ ‘ಜರ್ಮನ್ ಗಾಡಿ ಸೂಕ್ಷ್ಮ’ ಎಂಬ ಮಾತು ಅರ್ಧ ಮಾತ್ರ ನಿಜ. ಇಲ್ಲಿ ತಾಳಿಕೊಂಡದ್ದು ಜರ್ಮನ್, ತಾಳಿಕೊಳ್ಳದೆ ಹೋದದ್ದು ಐಷಾರಾಮ.

ಐಷಾರಾಮ ಬಂದದ್ದು ತಡವಾಗಿ. ಬೆಂಜ್ 1995ರ ಸುಮಾರಿಗೆ ಪುಣೆಯಲ್ಲಿ ಇ-ಕ್ಲಾಸ್ ಜೋಡಿಸತೊಡಗಿತು. ಡಬ್ಲ್ಯು124 ಎಂಬ ಆ ಮಾದರಿಯ ಡೀಸೆಲ್ ಕಾರು ಲಕ್ಷಗಟ್ಟಲೆ ಕಿಲೋಮೀಟರ್ ಓಡುವುದಕ್ಕೆ ಜಗತ್ತಿನಾದ್ಯಂತ ಹೆಸರಾದದ್ದು. ಬಿಎಂಡಬ್ಲ್ಯು 2007ರಲ್ಲಿ ಚೆನ್ನೈ ಬಳಿ ಕಾರ್ಖಾನೆ ತೆರೆಯಿತು, ಆಡಿಯೂ ಅದೇ ವರ್ಷ ಭಾರತದಲ್ಲಿ ಕಂಪನಿ ಮಾಡಿಕೊಂಡಿತು. ಇವೆಲ್ಲ ಮೊದಲು ಬೆಂಗಳೂರಿನಲ್ಲಿ ಹೊಸದಾಗಿ ಮಾರಾಟವಾಗಿ, ವಾರಂಟಿ ಮುಗಿದ ಮೇಲೆ ಕಾವೇರಿ ದಾಟಿ ಈ ಕಡೆ ಬರುತ್ತವೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆಯೇ ಶೇ 18. 60 ಲಕ್ಷದ ಕಾರಿಗೆ 10 ಲಕ್ಷ 80 ಸಾವಿರ, ಸೆಸ್ ಬೇರೆ. ಅದನ್ನು ಮೊದಲ ಯಜಮಾನ ಕಟ್ಟಿರುತ್ತಾನೆ. ವಿಮೆಯವರ ಪಟ್ಟಿಯಲ್ಲಿ ನಾಲ್ಕು ವರ್ಷ ದಾಟಿದ ಕಾರಿನ ಬೆಲೆ ಅರ್ಧಕ್ಕೆ ಇಳಿದಿರುತ್ತದೆ, ಪೇಟೆಯಲ್ಲಿ ಇನ್ನೂ ಕೆಳಗೆ. ಹತ್ತು ವರ್ಷದ ಬೆಂಜು ಹೊಸ ಹ್ಯಾಚ್‌ಬ್ಯಾಕಿನ ದುಡ್ಡಿಗೆ ಸಿಗುತ್ತದೆ ಎಂದರೆ ಯಾರ ಮನಸ್ಸಾದರೂ ಅಲ್ಲಾಡುತ್ತದೆ. ಇಲ್ಲಿ ಒಂದು ಸಣ್ಣ ವಿಷಯ ಮರೆತುಹೋಗುತ್ತದೆ: ಇಳಿದದ್ದು ಕಾರಿನ ಬೆಲೆ, ಬಿಡಿಭಾಗದ ಬೆಲೆ ಎಲ್ಲಿತ್ತೋ ಅಲ್ಲೇ ಇದೆ. ಎಂಟು ಲಕ್ಷಕ್ಕೆ ಕೊಂಡ ಕಾರಿಗೂ ಎಂಬತ್ತು ಲಕ್ಷದ ಕಾರಿನ ಹೆಡ್‌ಲೈಟೇ ಬೇಕು.

ಈ ಕಾರುಗಳಲ್ಲಿ ಕಬ್ಬಿಣ ಕೆಡುವುದು ಅಪರೂಪ. ಕೆಡುವುದು ರಬ್ಬರು, ಪ್ಲಾಸ್ಟಿಕ್ಕು, ವೈರು. ಗಾಳಿ ಸಸ್ಪೆನ್ಷನ್ನನ್ನೇ ನೋಡಬಹುದು. ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ, ಅದಕ್ಕೆ ಗಾಳಿ ಊದಲು ಒಂದು ಕಂಪ್ರೆಸರ್. ಹೊಸತರಲ್ಲಿ ಕೌದಳ್ಳಿ ರಸ್ತೆಯ ಹಳ್ಳಗಳೂ ಒಳಗೆ ಕೂತವರಿಗೆ ತಿಳಿಯುವುದಿಲ್ಲ. ಏಳೆಂಟು ವರ್ಷವಾದ ಮೇಲೆ ರಬ್ಬರು ಸಣ್ಣಗೆ ಬಿರಿದು ಗಾಳಿ ಸೋರತೊಡಗುತ್ತದೆ. ಸೋರಿದ್ದನ್ನು ತುಂಬಿ ತುಂಬಿ ಕಂಪ್ರೆಸರೂ ಸುಟ್ಟುಹೋಗುತ್ತದೆ. ರಾತ್ರಿ ಬೆಟ್ಟದ ಛತ್ರದ ಮುಂದೆ ನಿಲ್ಲಿಸಿದ ಕಾರು ಬೆಳಗಿನ ಹೊತ್ತಿಗೆ ಮುಂಗಾಲು ಮಡಿಸಿ ಕೂತಿರುತ್ತದೆ. ಪಕ್ಕದ ಟ್ರ್ಯಾಕ್ಸಿನವನು ಅದನ್ನು ನೋಡಿ “ನಿಮ್ಮ ಕಾರೂ ಮಾದಪ್ಪನಿಗ ಅಡ್ಡಬಿದ್ದದ ಕಣಣ್ಣ” ಎಂದರೆ ಅದು ಭಕ್ತಿಯ ಮಾತೋ ಲೇವಡಿಯೋ ಹೇಳುವುದು ಕಷ್ಟ. ಈ ಚೀಲವಿರುವ ಹೊಸ ಸ್ಟ್ರಟ್ ಒಂದಕ್ಕೇ ಲಕ್ಷ ದಾಟುವುದುಂಟು, ಒಂದು ಕಡೆಯದು ಹೋದರೆ ಇನ್ನೊಂದು ಕಡೆಯದೂ ಹಿಂದೆಯೇ ಹೊರಡುತ್ತದೆ. ಟ್ರ್ಯಾಕ್ಸಿನ ಪ್ಲೇಟು ಮುರಿದರೆ ಹನೂರಿನಲ್ಲೇ ಬೆಸುಗೆ ಹಾಕಿಸಿ ಊರು ಸೇರಬಹುದು. ಗಾಳಿಗೆ ಬೆಸುಗೆ ಹಾಕುವವರು ಯಾರೂ ಇಲ್ಲ.

ಎಂಜಿನ್ನಿನೊಳಗಿನ ಕಥೆಗಳು ಕಂಪನಿಗೊಂದು. ಬಿಎಂಡಬ್ಲ್ಯು ತನ್ನ ಎನ್47 ಡೀಸೆಲ್ ಎಂಜಿನ್ನಿನ ಟೈಮಿಂಗ್ ಚೈನನ್ನು ಗೇರ್‌ಬಾಕ್ಸ್ ಕಡೆಗೆ, ಅಂದರೆ ಹಿಂದಕ್ಕೆ ಇಟ್ಟಿತು. ಅದರ ಮೊದಲ ವರ್ಷಗಳ ಎಂಜಿನ್‌ಗಳಲ್ಲಿ ಚೈನು ಸವೆಯುವ ರೋಗವಿತ್ತು. ಚೈನು ಬದಲಿಸಬೇಕೆಂದರೆ ಎಂಜಿನ್ನನ್ನೇ ಹೊರಗೆಳೆಯಬೇಕು. ಬದಲಿಸದೆ ಬಿಟ್ಟರೆ ಒಂದು ದಿನ ಅದು ತಾನಾಗಿ ಹರಿದು ವಾಲ್ವು, ಪಿಸ್ಟನ್ನುಗಳನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ. ಕೂಲಿಂಗ್ ವ್ಯವಸ್ಥೆಯ ಡಬ್ಬಿ, ಪೈಪು ಎಲ್ಲ ಪ್ಲಾಸ್ಟಿಕ್ಕಿನವು, ಬಿಸಿಗೆ ಬೆಂದು ಬೆಂದು ಒಂದು ದಿನ ಪಟ್ಟೆನ್ನುತ್ತವೆ. ಆಡಿಯ ಒಂದು ತಲೆಮಾರಿನ ಪೆಟ್ರೋಲ್ ಎಂಜಿನ್‌ಗಳು ಆಯಿಲ್ ಕುಡಿಯುವುದಕ್ಕೆ ಹೆಸರುವಾಸಿ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್‌ವರೆಗೆ ಕುಡಿದರೂ ಅದು ಸಹಜ ಎಂದು ಕೈಪಿಡಿಯಲ್ಲೇ ಮುದ್ರಿಸಿದ್ದಾರೆ. ಕೊಳ್ಳೇಗಾಲದ ಗ್ಯಾರೇಜಿನಲ್ಲಿ ಲಾರಿಯೊಂದು ಅಷ್ಟು ಕುಡಿದರೆ ಮೇಸ್ತ್ರಿ ‘ಬೋರಿಗೆ ಬಂದದ, ಇಳ್ಸಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಅವನ ಬಳಿ ಕೈಪಿಡಿ ಇಲ್ಲ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಿಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ಸಮ ಓಡಿದರೆ ಆ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳುತ್ತದೆ. ಕೊಳ್ಳೇಗಾಲದೊಳಗೇ ಬಸ್ ಸ್ಟ್ಯಾಂಡಿನಿಂದ ಮರಡಿಗುಡ್ಡಕ್ಕೆ, ಮರಡಿಗುಡ್ಡದಿಂದ ಮನೆಗೆ ಎಂದು ಓಡಿಸಿದರೆ ಕಟ್ಟಿಕೊಂಡು ದೀಪ ಹತ್ತಿಸುತ್ತದೆ.

ಈ ದೀಪದ್ದೇ ಒಂದು ಪ್ರಕರಣ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ ಕಾರಣ ಹೇಳಬೇಕಾದ್ದು ಸ್ಕ್ಯಾನರ್. ಊರಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಪ್ಲಾಸ್ಟಿಕ್ ಮುಚ್ಚಳದ ಮೇಲಿನ ನಕ್ಷತ್ರವನ್ನು ಬಟ್ಟೆಯಲ್ಲಿ ಒರೆಸಿ, ಮತ್ತೆ ಮುಚ್ಚಿ, “ಇದ್ಕ ಪಾನ ಸಾಲ್ದು, ಲ್ಯಾಪ್‌ಟಾಪ್ ಬೇಕು” ಎಂದುಬಿಡುತ್ತಾನೆ. ಪ್ರಾಮಾಣಿಕನಾದರೆ ಅಷ್ಟಕ್ಕೇ ನಿಲ್ಲಿಸುತ್ತಾನೆ. ಬಿಎಂಡಬ್ಲ್ಯು ಬ್ಯಾಟರಿ ಬದಲಿಸಿದರೂ ಹೊಸದು ಬಂದಿದೆ ಎಂದು ಕಂಪ್ಯೂಟರಿಗೆ ತಿಳಿಸಬೇಕು, ಇಲ್ಲದಿದ್ದರೆ ಹಳೆಯದೆಂದೇ ತಿಳಿದು ಚಾರ್ಜ್ ಮಾಡುತ್ತದೆ. ಮಾಟ ತೆಗೆಸಲು ಹೊರಗಿನವರು ಕೊಳ್ಳೇಗಾಲಕ್ಕೆ ಬರುತ್ತಾರೆಂದು ನಾಡಿನಲ್ಲೆಲ್ಲ ಪ್ರತೀತಿ. ಕೊಳ್ಳೇಗಾಲದವರು ದೀಪ ತೆಗೆಸಲು ಮೈಸೂರಿಗೆ ಹೋಗುತ್ತಾರೆ. ದಕ್ಷಿಣೆಯಲ್ಲಿ ಯಾವುದು ಹೆಚ್ಚು ಎಂಬುದು ಎರಡನ್ನೂ ಮಾಡಿಸಿದವರಿಗೇ ಗೊತ್ತು.

ಇಂಥ ಕಾರಿನ ಮೊತ್ತಮೊದಲ ದೂರಪ್ರಯಾಣದಲ್ಲಿ ಇಷ್ಟೆಲ್ಲ ಇರಲಿಲ್ಲ. 1888ರ ಆಗಸ್ಟ್‌ನಲ್ಲಿ ಕಾರ್ಲ್ ಬೆಂಜ್‌ನ ಹೆಂಡತಿ ಬೆರ್ಟಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಚಿಲ್ಲರೆ ಕಿಲೋಮೀಟರ್ ಹೋದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ವೈರಿನ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕು ಸವೆದಾಗ ದಾರಿಯ ಊರೊಂದರ ಚಪ್ಪಲಿ ಹೊಲಿಯುವವನಿಂದ ಚರ್ಮ ಹೊಡೆಸಿಕೊಂಡಳು. ಇಂಧನ ಕೊಂಡದ್ದು ಔಷಧದ ಅಂಗಡಿಯಲ್ಲಿ. ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಅದಕ್ಕಿಂತ ಕಡಿಮೆ ದೂರ. ಪಿನ್ನೂ ಸಿಗುತ್ತದೆ, ಚರ್ಮ ಹೊಲಿಯುವವರೂ ಇದ್ದಾರೆ, ಔಷಧದ ಅಂಗಡಿಗಳಿಗಂತೂ ಬರವಿಲ್ಲ. ಇವರಲ್ಲಿ ಯಾರೊಬ್ಬರೂ ಕೈಹಾಕಲಾಗದಂತೆ ಕಾರನ್ನು ಬದಲಾಯಿಸಲು ಕಂಪನಿಗೆ ನೂರು ವರ್ಷ ಬೇಕಾಯಿತು.

ಟಯರಿನ ವಿಚಾರದಲ್ಲಿ ಲೆಕ್ಕ ಇನ್ನೂ ಚೆಂದ. ಹಲವು ಬಿಎಂಡಬ್ಲ್ಯು ಕಾರುಗಳಿಗೆ ಸ್ಟೆಪ್ನಿ ಇಲ್ಲ, ರನ್‌ಫ್ಲ್ಯಾಟ್ ಟಯರು. ಪಂಚರಾದ ಮೇಲೂ ಗಂಟೆಗೆ 80 ಕಿ.ಮೀ. ಮೀರದಂತೆ 80 ಕಿ.ಮೀ. ದೂರದವರೆಗೆ ಓಡುತ್ತದೆಂದು ಭರವಸೆ. ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೂ ಸುಮಾರು 80 ಕಿ.ಮೀ. ಅಂದರೆ ಟಯರು ಸರಿಯಾಗಿ ಕೊಳ್ಳೇಗಾಲಕ್ಕೆ ತಂದು ಬಿಟ್ಟು ಕೈಮುಗಿಯುತ್ತದೆ, ಅಲ್ಲಿ ಆ ಅಳತೆಯ ಟಯರು ಸಿಗುವುದಿಲ್ಲ. ಗಟ್ಟಿ ಅಂಚಿನ ಆ ಟಯರನ್ನು ಪಂಚರ್ ಅಂಗಡಿಯ ಹುಡುಗ ಲಿವರ್ ಹಾಕಿ ಬಿಚ್ಚಲು ಹೋದರೆ ಅಲಾಯ್ ಚಕ್ರಕ್ಕೂ ಗಾಯ. ಬಿಳಿಗಿರಿರಂಗನ ಬೆಟ್ಟದ ದಾರಿಯಲ್ಲಾದರೆ ಇನ್ನೊಂದು ತೊಡಕು: ಗುಂಬಳ್ಳಿ ಚೆಕ್‌ಪೋಸ್ಟಿನ ಗೇಟು ರಾತ್ರಿ ಹೊತ್ತು ಮುಚ್ಚಿರುತ್ತದೆ. ರೋಡ್‌ಸೈಡ್ ಅಸಿಸ್ಟೆನ್ಸಿಗೆ ಫೋನು ಮಾಡಬೇಕು, ಕಾಡಿನಲ್ಲಿ ಸಿಗ್ನಲ್ ಇರಬೇಕು. ಅಕಸ್ಮಾತ್ ಸಿಕ್ಕರೂ, “ಸರ್, ಲ್ಯಾಂಡ್‌ಮಾರ್ಕ್ ಏನಾದ್ರೂ ಹೇಳಿ” ಎಂಬ ಪ್ರಶ್ನೆಗೆ ಆನೆಯ ಹೊರತು ಬೇರೆ ಗುರುತು ಇರುವುದಿಲ್ಲ.

ಸುಗ್ಗಿಯ ಕಾಲದಲ್ಲಿ ಡಾಂಬರು ರಸ್ತೆಯೇ ಕಣ. ಹುರುಳಿಯನ್ನೂ ರಾಗಿಯನ್ನೂ ಹರವಿ, ಬರುವ ಹೋಗುವ ಬಸ್ಸು ಲಾರಿಗಳಿಂದ ಪುಕ್ಕಟೆ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಎತ್ತರದ ಲಾರಿ ಸಲೀಸಾಗಿ ತುಳಿದು ಹೋಗುತ್ತದೆ. ನೆಲಕ್ಕೆ ತಗ್ಗಿ ಓಡುವ ಕಾರಿಗೆ ಒಣಗಿದ ಹುರುಳಿ ಬಳ್ಳಿ ಹೊಟ್ಟೆಯಡಿ ಸಿಕ್ಕಿಕೊಂಡು, ಆಕ್ಸಲ್ಲಿಗೆ ಸುತ್ತಿ, ಸೈಲೆನ್ಸರಿನ ಬಿಸಿಗೆ ಹೊತ್ತಿಕೊಳ್ಳುವ ಅಪಾಯವಿದೆ. ಕರ್ನಾಟಕದಲ್ಲಿ ಹೀಗೆ ಸುಟ್ಟುಹೋದ ಕಾರುಗಳಿವೆ. ಹುರುಳಿ ಕಂಡರೆ ಇಳಿದು, ರಸ್ತೆಯ ಒಂದು ಪಕ್ಕಕ್ಕೆ ಸರಿಸಲು ರೈತನನ್ನು ಕೇಳಿಕೊಳ್ಳುವುದೇ ದಾರಿ. “ತುಳ್ಕೊಂಡ್ ಹೋಗಿ ಬುದ್ದಿ, ಏನಾಗಲ್ಲ” ಎಂದು ಅವನು ಎಷ್ಟೇ ಧೈರ್ಯ ಹೇಳಿದರೂ ಕೇಳಬಾರದು.

ಕೆಟ್ಟ ಕಾರು ವರ್ಕ್‌ಶಾಪ್ ಮುಟ್ಟಿದರೆ ಎಸ್ಟಿಮೇಟು ಬರುವುದು ಪುಟಗಟ್ಟಲೆ. ಅಧಿಕೃತ ವರ್ಕ್‌ಶಾಪಿನಲ್ಲಿ ಭಾಗವನ್ನು ಬಿಚ್ಚಿ ಒಳಗಿನ ಬುಷ್ ಬದಲಿಸುವ ರೂಢಿ ಕಡಿಮೆ, ಇಡೀ ಆರ್ಮನ್ನೇ ಬದಲಿಸುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಮೊತ್ತ ನೋಡಿದವರಿಗೆ ಅದರಿಂದ ಸಮಾಧಾನ ಅಷ್ಟಕ್ಕಷ್ಟೆ. ವಿಮೆ ಇದೆಯಲ್ಲ ಎಂದರೆ, ವಿಮೆ ಅಪಘಾತಕ್ಕೆ, ಸವೆತಕ್ಕಲ್ಲ. ಅಪಘಾತದಲ್ಲೂ ಸಾಮಾನ್ಯ ಪಾಲಿಸಿ ರಬ್ಬರು ಪ್ಲಾಸ್ಟಿಕ್ಕಿನ ಭಾಗಗಳಿಗೆ ಅರ್ಧ ಬೆಲೆಯನ್ನೇ ಕೊಡುತ್ತದೆ. ಈ ಕಾರುಗಳಲ್ಲಿ ರಬ್ಬರು ಪ್ಲಾಸ್ಟಿಕ್ಕು ಎಷ್ಟಿದೆ ಎಂಬುದು ವಿಮೆಯವರಿಗೂ ಚೆನ್ನಾಗಿ ಗೊತ್ತು. ಝೀರೊ ಡೆಪ್ರಿಸಿಯೇಷನ್ ಕೊಂಡರೆ ಪೂರ್ತಿ ಸಿಗುತ್ತದೆ, ಆದರೆ ಕಾರಿಗೆ ವಯಸ್ಸಾದಂತೆ ಅದನ್ನು ಕೊಡುವವರು ಕಡಿಮೆ. ಇಷ್ಟಾದ ಮೇಲೆ ಉಳಿಯುವುದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಗುಜರಿ, ಮತ್ತು ಜರ್ಮನ್ ಕಾರುಗಳನ್ನೇ ನೆಚ್ಚಿದ ಖಾಸಗಿ ಗ್ಯಾರೇಜುಗಳು. ಕಂಪನಿಯ ಡಬ್ಬಿಯಲ್ಲಿ ಬರುವ ಹಲವು ಭಾಗಗಳನ್ನು ನಿಜಕ್ಕೂ ತಯಾರಿಸುವವರು ಬಾಷ್, ಸ್ಯಾಕ್ಸ್, ಲೆಮ್‌ಫೋರ್ಡರ್‌ನಂಥವರು. ಅವರದೇ ಡಬ್ಬಿಯಲ್ಲಿ ಕೊಂಡರೆ ದುಡ್ಡು ಉಳಿಯುತ್ತದೆ. ಹಳೆಯ ಕಾರು ಇಟ್ಟುಕೊಂಡು ದಿವಾಳಿಯಾಗದೆ ಉಳಿದವರು ಈ ದಾರಿ ಹಿಡಿದವರೇ.

ಇವುಗಳ ಗುಣವನ್ನೂ ಹೇಳಬೇಕು. ಬಾಡಿ ಬೇಗ ತುಕ್ಕು ಹಿಡಿಯುವುದಿಲ್ಲ. ಮಳೆಯಲ್ಲಿ ಘಾಟಿ ಇಳಿಯುವಾಗ ಬ್ರೇಕು ಕೈಕೊಡುವುದಿಲ್ಲ. ಹೆದ್ದಾರಿಯಲ್ಲಿ ಆಗಬಾರದ್ದು ಆದರೆ ಒಳಗಿನವರು ಬದುಕುವ ಸಂಭವ ಹೆಚ್ಚು. ಹೇಳಿದ ಅವಧಿಗಿಂತ ಮೊದಲೇ ಆಯಿಲ್ ಬದಲಿಸಿ, ಗೇರ್‌ಬಾಕ್ಸಿನ ಆಯಿಲನ್ನೂ ಮರೆಯದೆ ಹಾಕಿಸಿದರೆ ಎರಡು ಲಕ್ಷ ಕಿಲೋಮೀಟರಿಗೂ ಎಂಜಿನ್ ಸುಮ್ಮನೆ ಓಡುತ್ತದೆ.

ಕೊಳ್ಳಲೇಬೇಕೆಂದಿರುವವರು ಗಾಳಿ ಸಸ್ಪೆನ್ಷನ್, ಸನ್‌ರೂಫ್, ರನ್‌ಫ್ಲ್ಯಾಟ್ ಇಲ್ಲದ ಕಾರನ್ನೇ ಹುಡುಕಬೇಕು. ಸರ್ವಿಸ್ ದಾಖಲೆ ಪೂರ್ತಿ ಇಲ್ಲದ ಕಾರನ್ನು ಮುಟ್ಟಬಾರದು. ದುಡ್ಡು ಎಣಿಸುವ ಮೊದಲು ಮೈಸೂರಿಗೋ ಬೆಂಗಳೂರಿಗೋ ಒಯ್ದು ಸ್ಕ್ಯಾನ್ ಮಾಡಿಸಬೇಕು, ಕೊಂಡ ಬೆಲೆಯ ಮೂರನೇ ಒಂದು ಭಾಗವನ್ನು ರಿಪೇರಿಗೆಂದೇ ಬ್ಯಾಂಕಿನಲ್ಲಿ ಬಿಡಬೇಕು. ಅಷ್ಟು ಬಿಡಲಾಗದವರಿಗೆ ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಸರ್ಕಾರಿ ಬಸ್ಸಿದೆ. 2023ರ ಜೂನ್‌ನಿಂದ ಅದರಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ.