ಮಾಲಂಗಿ ಮಡುವಿಗೆ ಬಂದ ಜಾಕ್ ಸ್ಪ್ಯಾರೋ

ಹಾಲಿವುಡ್ಡಿನ ಕಡಲ್ಗಳ್ಳರ ಮೇಲೆ ನನ್ನದು ಒಂದೇ ತಕರಾರು. ಒಂದು ಒಳ್ಳೆಯ ಶಾಪ ಹುಡುಕಿಕೊಂಡು ಅಷ್ಟು ದೂರದ ಕೆರಿಬಿಯನ್‌ಗೆ ಯಾಕೆ ಹೋದರು? ಮೈಸೂರಿನಲ್ಲಿ ತಿ. ನರಸೀಪುರದ ಬಸ್ಸು ಹತ್ತಿದ್ದರೆ ಸಾಕಿತ್ತಲ್ಲ!

2003ರಿಂದ 2017ರೊಳಗೆ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಐದು ಬಂದವು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲೂ ಐದು ತೇರು. ಜನ ಮುಗಿಬೀಳುವುದು ಗೌತಮ ರಥಕ್ಕೆ. ಅದು ಮೂಲೆ ತಿರುಗಿತೋ, ಅರ್ಧ ಊರು ಕಡ್ಲೆಪುರಿ ಅಂಗಡಿ ಮುಂದೆ. ಮೊದಲ ಚಿತ್ರ ಗೌತಮ ರಥ. ಐದನೆಯದು ಓಡುವಾಗ ನಾನು ಕಡ್ಲೆಪುರಿ ಕಟ್ಟಿಸಿಕೊಳ್ಳುತ್ತಿದ್ದೆ ಅಂದುಕೊಳ್ಳಿ.

ಅಕ್ಕನ ಮಗನಿಗೆ ಮಾತ್ರ ಐದೂ ಬಾಯಿಪಾಠ. “ಮಾವ, ಕೊನೇದ್ರಲ್ಲಿ ಪೊಸೈಡನ್ನಿನ ತ್ರಿಶೂಲ ಮುರಿದ ತಕ್ಷಣ ಸಮುದ್ರದ ಶಾಪ ಎಲ್ಲಾ ಒಂದೇ ಏಟಿಗೆ ವಿಮೋಚನೆ!”

“ಒಂದೇ ಏಟಿಗಾ? ಅದು ಶಾಪ ಅಲ್ಲ ಕಣೋ, ಸಾಲಮನ್ನಾ.”

ಶಾಪ ಅಂದರೆ ಅಲಮೇಲಮ್ಮನದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆ ಗಂಟಿನೊಂದಿಗೆ ಮಾಲಂಗಿಗೆ ಬಂದಳು. ಮಂಗಳವಾರ, ಶುಕ್ರವಾರ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆ ಅವು. ಕೊಡು ಅಂತ ಅರಮನೆಯಿಂದ ಆಳು ಬಂದರೆ ಮುತ್ತಿನ ಮೂಗುತಿ ಒಂದನ್ನು ಕೊಟ್ಟು, ಉಳಿದದ್ದನ್ನು ಕಟ್ಟಿಕೊಂಡು ಕಾವೇರಿಗೆ ಹಾರಿದಳು ಅಂತ ಕಥೆ. ಹಾರುವ ಮುಂಚೆ ಮೂರು ಶಾಪ: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಮಕ್ಕಳಿಲ್ಲ. ಮೊದಲ ಪೈರೇಟ್ಸ್‌ನಲ್ಲಿ ಕದ್ದ ಚಿನ್ನ ವಾಪಸ್ ಇಟ್ಟರೆ ಶಾಪ ಖಲಾಸ್. ಇಲ್ಲಿ ಚಿನ್ನವೇ ಮಡುವಿನ ತಳದಲ್ಲಿ. ಯಾರು ಯಾರಿಗೆ ವಾಪಸ್ ಕೊಡೋದು?

ತಲಕಾಡಿನ ಮರಳಿಗೆ ಮಾಧವಮಂತ್ರಿ ಕಟ್ಟೆ ಕಾರಣ, ನದಿಯ ಹರಿವು ಬದಲಾಗಿ ದಂಡೆಯ ಮರಳು ಗಾಳಿಗೆ ಎದ್ದಿತು ಎಂದು ಬಲ್ಲವರು ವಾದಿಸುತ್ತಾರೆ. ಇರಬಹುದು. ಆದರೆ ಕಟ್ಟೆಯನ್ನು ನಾಯಕಿ ಮಾಡಿ ಯಾರಾದರೂ ಸಿನಿಮಾ ತೆಗೆಯುತ್ತಾರೆಯೇ?

ಅವರ ಭೂತಗಳು ಕತ್ತಿ ಹಿರಿದು ಬೆನ್ನಟ್ಟುತ್ತವೆ. ನಮ್ಮಲ್ಲಿ ಶಾಪ ಕೊಟ್ಟವಳ ವಿಗ್ರಹವಿಟ್ಟು ಅರಮನೆಯಲ್ಲೇ ಪೂಜೆ. ಇನ್ನೊಂದು ತಮಾಷೆ ನೋಡಿ. ತೆರೆಯ ಮೇಲೆ ತ್ರಿಶೂಲ ಮುರಿದದ್ದು 2017ರ ಮೇ ತಿಂಗಳಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಮೈಸೂರು ರಾಜಮನೆತನದಲ್ಲಿ ಗಂಡು ಮಗು ಹುಟ್ಟಿ, ಪತ್ರಿಕೆಗಳೆಲ್ಲ ಶಾಪವಿಮೋಚನೆ ಅಂತ ಬರೆದವು. ಅಳಿಯನಂತೂ ಆ ತ್ರಿಶೂಲಕ್ಕೇ ಪೂರ್ತಿ ಕೀರ್ತಿ ಕೊಟ್ಟುಬಿಟ್ಟ!

ಸರಿ, ಆರನೆಯ ಭಾಗ ನಾನೇ ಬರೆಯುತ್ತೇನೆ ಅಂತ ಕೂತೆ. ಆ ಚಿತ್ರಗಳ ನಾಯಕ ಜಾಕ್ ಸ್ಪ್ಯಾರೋನ ಹಡಗು ನಂಜನಗೂಡಿಗೆ ಬರಬೇಕು. ಶಿವನಸಮುದ್ರದ ಜಲಪಾತ ಹತ್ತಿದ್ದು ಹೇಗೆ ಅಂತ ಕೇಳಬೇಡಿ, ಮೂರನೆಯ ಭಾಗದಲ್ಲಿ ಅದೇ ಹಡಗನ್ನು ಏಡಿಗಳು ಮರುಭೂಮಿ ದಾಟಿಸಿವೆ. ಆದರೆ ಏಡಿಗೂ ಬಗ್ಗದ್ದು ನಂಜನಗೂಡಿನ ಹಳೇ ಸೇತುವೆ, 1735ರದ್ದು. ಪಟಗಂಬ ಕಮಾನಿಗೆ ಸಿಕ್ಕಿಕೊಂಡು ‘ಬ್ಲ್ಯಾಕ್ ಪರ್ಲ್’ ಅಲ್ಲೇ ಠಿಕಾಣಿ.

ನಂಜನಗೂಡಿನಲ್ಲಿ ಅವನಿಗೆ ಕೆಲಸವಿಲ್ಲದೆ ಇಲ್ಲ. ನಾಲ್ಕನೆಯ ಭಾಗದಲ್ಲಿ ಯೌವನದ ಚಿಲುಮೆಗಾಗಿ ಮತ್ಸ್ಯಕನ್ಯೆಯ ಕಣ್ಣೀರು, ಜೋಡಿ ಬೆಳ್ಳಿ ಬಟ್ಟಲು ಅಂತ ಎಷ್ಟು ಒದ್ದಾಡಿದ! ಇಲ್ಲಿ ಕಪಿಲೆಯಲ್ಲಿ ಒಂದು ಮುಳುಗು, ಒಂದು ಉರುಳುಸೇವೆ. ಟಿಪ್ಪುವಿನ ಆನೆಯ ಕಣ್ಣನ್ನೇ ವಾಸಿಮಾಡಿ ‘ಹಕೀಂ ನಂಜುಂಡ’ ಅನ್ನಿಸಿಕೊಂಡ ಸ್ವಾಮಿಗೆ ಒಬ್ಬ ಕಡಲ್ಗಳ್ಳ ಯಾವ ಲೆಕ್ಕ? ಇನ್ನು ಆ ಹಲ್ಲುಗಳು. ಐದು ಸಿನಿಮಾದಲ್ಲಿ ಆ ಹಡಗಿನವರೊಬ್ಬರೂ ಹಲ್ಲುಜ್ಜಿದ್ದನ್ನು ನಾನು ಕಂಡಿಲ್ಲ. 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯ ಗುಲಾಬಿ ಹಲ್ಲುಪುಡಿ ತಲೆಗೊಂದು ಪೊಟ್ಟಣ ಹಂಚಿದ್ದರೆ ಆ ಚಿತ್ರಗಳಲ್ಲಿ ಅರ್ಧ ಭಯ ಅಲ್ಲೇ ಇಳಿಯುತ್ತಿತ್ತು.

ಹಡಗಿಲ್ಲದ ಜಾಕ್ ಹರಿಗೋಲು ಹತ್ತುತ್ತಾನೆ. ಹರಿಗೋಲು ಗಿರಗಿರ ತಿರುಗುತ್ತದೆ. ಹುಟ್ಟಿನಿಂದ ತೂರಾಡಿಕೊಂಡೇ ನಡೆಯುವ ಅವನೊಬ್ಬನಿಗೇ ಅದು ನೆಟ್ಟಗೆ ಕಾಣುತ್ತದೆ. ತಿ. ನರಸೀಪುರದ ಸಂಗಮದಲ್ಲಿ ಅಂಬಿಗ ಹೇಳುತ್ತಾನೆ, “ಇದು ಕಾವೇರಿ, ಇದು ಕಪಿಲೆ, ಮೂರನೇದು ಸ್ಫಟಿಕ ಸರೋವರ, ಕಣ್ಣಿಗೆ ಕಾಣಲ್ಲ ಸ್ವಾಮಿ.” ಕಾಣದ ದ್ವೀಪ ಹುಡುಕಿಯೇ ಹೊಟ್ಟೆ ಹೊರೆದ ಜಾಕ್ ಮರುಮಾತಿಲ್ಲದೆ ಕೈಮುಗಿಯುತ್ತಾನೆ. ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅನ್ನುವ ಗುಂಜಾ ನರಸಿಂಹಸ್ವಾಮಿಯ ಎದುರು, ಬಂಗಾರ ತೂಗುವ ಬೀಜ ದೇವರ ಕೈಯಲ್ಲೇ ಇದೆಯಲ್ಲ ಅಂತ ಅವನ ಕಣ್ಣು ಅರಳುತ್ತದೆ. ತಲಕಾಡಿಗೆ ಮುಂಚೆ ಮಾಧವಮಂತ್ರಿ ಕಟ್ಟೆ ಅಡ್ಡ. ಅಲ್ಲಿ ಹರಿಗೋಲನ್ನು ತಲೆಮೇಲೆ ಹೊತ್ತು ಇಳಿಯಬೇಕು.

ಬಿಡುಗಡೆ ಯಾವಾಗ ಅಂತೀರಾ? ತಲಕಾಡಿನ ಪಂಚಲಿಂಗ ದರ್ಶನ 2013ರಲ್ಲಿ ಆಗಿ ಆಮೇಲೆ 2020ಕ್ಕೇ ಬಂತು. ಅದಕ್ಕಾದರೆ ಪಂಚಾಂಗ ಇದೆ.

“ಮಾವ, ಎಲ್ಲಾ ಸರಿ. ವಿಲನ್ ಎಲ್ಲಿ?” ಅಂದ ಅಳಿಯ.

ಅಲ್ಲೇ ಇರೋದು ಮಜಾ. ಮಡುವಿನಲ್ಲಿ ಒಡವೆಗೆ ಮುಳುಗು ಹಾಕಿ ಹಾಕಿ ಸುಸ್ತಾದ ಜಾಕ್ ನಡುರಾತ್ರಿ ದಂಡೆಗೆ ಬರುತ್ತಾನೆ. ಲೈಟು ಆರಿಸಿಕೊಂಡ ಲಾರಿಗಳ ಸಾಲು. ಅಲಮೇಲಮ್ಮ ಶಾಪವೆಂದು ಸುರಿದ ಮರಳನ್ನೇ ಜನ ಕದ್ದು ಲೋಡು ಮಾಡುತ್ತಿದ್ದಾರೆ!

“ಇದನ್ನೂ ಕದೀತಾರಾ?” ಅಂತ ಅಂಬಿಗನನ್ನು ಕೇಳುತ್ತಾನೆ.

“ಮೆಲ್ಲಗೆ ಮಾತಾಡಿ ಸ್ವಾಮಿ. ಈಗ ಲೋಡಿಗೆ ಎಷ್ಟು ಗೊತ್ತಾ?”

ರೇಟು ಕೇಳಿದ ಜಾಕ್ ಸ್ಪ್ಯಾರೋ, ಕತ್ತಿ ಕೆಳಗಿಟ್ಟು ಸಲಿಕೆ ಕೈಗೆತ್ತಿಕೊಳ್ಳುತ್ತಾನೆ.