ಅಡತಿ ಅಂಗಡ್ಯಾಗ ಚಾ

ವೈನಿ, ಆ ಕರೆಂಟಿನ ಕೆಟಲ್ ಪೆಟ್ಟಿಗಿ ಇನ್ನೂ ಬಿಚ್ಚಿಲ್ಲಲ್ಲ? ಹಂಗಾರ ಬಿಚ್ಚಬ್ಯಾಡ್ರಿ. ಸಾಂಗ್ಲಿ ಮಾರ್ಕೆಟ್ ಯಾರ್ಡಿನಾಗ ಕೂತು ಅದರಾಗ ಹಾಲಿನ ಚಾ ಕುದಸ್ತೀನಿ ಅಂತಾನಲ್ಲ ನಿಮ್ಮ ಮಗ, ಅದು ಆಗೂ ಮಾತಲ್ಲ. ಕೆಟಲ್ ಇರೂದು ಬರೇ ನೀರಿಗೆ. ಹಾಲು ಬಿತ್ತಂದ್ರ ತಳಾ ಹತ್ತತೈತಿ, ನೊರಿ ಎದ್ದು ಮೂತಿಯಿಂದ ಉಕ್ಕತೈತಿ. ಕರೆಂಟಿನ ತಳ ನೋಡ್ರಿ, ನೀರಾಗ ಮುಳುಗಿಸಿ ತಿಕ್ಕಾಕೂ ಬರೂದಿಲ್ಲ. ಅಂಗಡ್ಯಾಗ ಭಾಂಡಿ ತಿಕ್ಕೋರು ಯಾರು ಅಂತ ಮೊದಲ ಕೇಳ್ರಿ ಅವನಿಗೆ, ಆಮ್ಯಾಲೆ ಖರೀದಿ ಮಾತು.

ಸಣ್ಣ ಇಂಡಕ್ಷನ್ ಶೆಗಡಿ ತಗೊಳ್ಳಲಿ. ಜೋಡಿಗೆ ಹಿಡಿಕಿ ಇರೂ ಸ್ಟೀಲ್ ಪಾತೇಲಿ. ಜರ್ಮನ್ ಪಾತೇಲಿ ಅದರ ಮ್ಯಾಲ ಕಾಯೂದಿಲ್ಲ. ಸ್ಟೀಲಿನಾಗೂ ಎಲ್ಲಾ ನಡಿಯೂದಿಲ್ಲ, ನಿಮ್ಮ ಫ್ರಿಜ್ಜಿನ ಬಾಗಲಿಗೆ ಅಂಟಿಸೀರಲ್ಲ ಗಣಪತಿ, ಅದನ್ನ ಅಂಗಡಿಗೆ ಒಯ್ದು ತಳಕ್ಕ ಹಚ್ಚಿ ನೋಡ್ರಿ. ಗಟ್ಟಿ ಹಿಡೀತು ಅಂದ್ರ ತಗೋರಿ. ನಾಕು ಕಪ್ ಚಾಕ್ಕ ಲೀಟರಿಗಿಂತ ಸಣ್ಣದು ಬ್ಯಾಡ, ಹಾಲಿಗೆ ಮ್ಯಾಲೇಳಾಕ ಜಾಗಾ ಬೇಕಲ್ಲ. ಹಾಂ, ಶುಂಠಿ ಜಜ್ಜಿ ನೀರಾಗ ಮೊದಲ ಕುದಸಂತ ಹೇಳ್ರಿ. ಹಸೀ ಶುಂಠಿ ಹಾಲಿಗೆ ಬಿದ್ರ ಹಾಲು ಒಡದೀತು.

ಚಾ ಸೋಸೂ ಜಾಳಗಿ ಪ್ಲಾಸ್ಟಿಕ್ಕಿಂದು ತರಬ್ಯಾಡ್ರಿ. ಯಾರ್ಡಿನ ಗಾಳ್ಯಾಗನ ಅರಿಷಿಣ! 2018ರಾಗ ಸಾಂಗ್ಲಿ ಅರಿಷಿಣಕ್ಕ ಜಿಐ ಗುರುತು ಸಿಕ್ಕಿತು, ಬಿಳೀ ಪ್ಲಾಸ್ಟಿಕ್ ಮ್ಯಾಲ ಅದರ ಗುರುತು ಬೀಳಾಕ ಒಂದು ದಿನಾ ಸಾಕು. ಎಷ್ಟು ತಿಕ್ಕಿದ್ರೂ ಬಿಡೂದಿಲ್ಲ. ಕಡಕ್ ಬಿಸಲಾಗ ಇಟ್ರ ಮಾತ್ರ ಬಣ್ಣ ಇಳೀತೈತಿ. ಅದೆಲ್ಲಾ ಯಾಕ, ಸ್ಟೀಲ್ ಜಾಳಗಿ ಇದ್ರ ಮುಗೀತು.

ಸೊಸಿದು ಬ್ಯಾರೇ ಮಾತು. ದವಾಖಾನಿ ರಾತ್ರಿ ಪಾಳೇದಾಗ ಶೆಗಡಿ ಹಚ್ಚಾಕ ಬಿಡ್ತಾರೇನು? ಅಕಿಗೆ ಥರ್ಮಾಸ್ ಬೇಕು, ಕೈ ಹೋಗುವಂಥಾ ಅಗಲ ಬಾಯಿದು. ಮುಚ್ಚಳದ ರಬ್ಬರ್ ಬಿಚ್ಚಿ ತೊಳಿಯಾಕ ಬರಬೇಕು, ವಾಸನಿ ಹಿಡಿಯೂದು ಅಲ್ಲೇ. ಹಾಲು ಹಾಕಿದ ಚಾ ಅದರಾಗ ತಾಸುಗಟ್ಟಲೆ ಕೂತ್ರ ರುಚಿ ಕೆಡತೈತಿ. ಬಿಸಿನೀರು ಒಯ್ಲಿ, ಟೀ ಬ್ಯಾಗು, ಹಾಲಿನ ಪುಡಿ ಕಿಸೇದಾಗ ಇರ್ಲಿ.

ಇನ್ನ ಕಪ್ಪು. ಸ್ಟೀಲ್ ಗ್ಲಾಸ್ ಬ್ಯಾಡ, ಹಿಡಿಯೋ ಕೈ ಸುಡತೈತಿ. ಕಪ್-ಬಶೀನ ತರ್ಲಿ. ಬಶಿ ಅಂದ್ರ ಹಳೇ ಮಂದಿ ಚಟ ಅಂತ ನಗ್ತಾನ ಅವ. ನಗ್ಲಿ. ಅಲ್ಲಿ ಸವಾಲು ಸುರು ಆತಂದ್ರ ಚಾ ಆರೂ ತನಕ ಯಾರು ಕಾಯ್ತಾರ? ಬಶಿಗೆ ಸುರುವಿ ಎರಡು ಗುಟಕಿಗೆ ಮುಗಸ್ತಾರ. ಧೂಳಿಗೆ ಮುಚ್ಚಳಾನೂ ಅದ. ನಮ್ಮ ಮಿರಜದ ಸಿತಾರದವರ ಓಣ್ಯಾಗ ನೋಡ್ರಿ, ತಂಬೂರಿ ಬುರುಡಿ ತಿಕ್ಕುವಾಗ ಎಷ್ಟು ಧೂಳು ಏಳತೈತಿ! ಅಲ್ಲೂ ಬಶಿ ಮುಚ್ಚದ ಚಾ ಇಟ್ರ ಹೊಟ್ಟು ಕುಡದಂಗ.

ಏಟು ಕಪ್ ಅಂದ್ರಿ? ಆರು ಸಾಲೂದಿಲ್ಲ. ತೇರದಾಳ, ರಬಕವಿ ಕಡಿಂದ ಅರಿಷಿಣ ತಂದ ನಮ್ಮ ರೈತರು ಬಂದು ಕೂಡ್ತಾರ, ಹಮಾಲರು ಬರ್ತಾರ. ಡಜನ್ ಇರ್ಲಿ. ಹಾಂ, ಕಟಿಂಗ್ ಚಾದ ಆ ಬಟ್ಟಲದಂಥಾವು ತರಬ್ಯಾಡ್ರಿ ಮತ್ತ. ಚೀಲಗಟ್ಟಲೆ ಮಾಲು ಹೊತ್ತು ತಂದಾವನ ಮುಂದ ಅರ್ಧಾ ಚಾ ಇಟ್ರ, ನಾಳೆ ಅವ ಬಾಜೂ ಅಡತಿಗೆ ಹೋಗ್ತಾನ.